ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ: ಒಪ್ಪಿಸುವುದು ಎಲ್ಲಿ ಮುಗಿಯುತ್ತದೆ, ಬಲವಂತ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರವಳು. ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ತಂದೆ ತೀರಿಕೊಂಡು ನಾಲ್ಕು ವರ್ಷವಾಯಿತು, ಉಯಿಲು ಬರೆದಿಲ್ಲ. ಅಜ್ಜನಿಂದ ಬಂದ ಮೂರು ಎಕರೆ, ತಂದೆ ಕೊಂಡ ಒಂದು ಎಕರೆ ಮತ್ತು ಹಳ್ಳಿಯ ಮನೆ ಇವೆ. ಇಬ್ಬರು ಅಣ್ಣಂದಿರು, ಒಬ್ಬ ಅಕ್ಕ. 1992ರಲ್ಲಿ ಮದುವೆಯಾದ ಅಕ್ಕನಿಗೆ ‘ನಿನಗೆ ಹೇಗೂ ಹಕ್ಕಿಲ್ಲ’ ಎಂದು ಹೇಳಿ, ಎರಡು ವರ್ಷದ ಹಿಂದೆ ಅರಿಶಿನ ಕುಂಕುಮಕ್ಕೆಂದು ಐವತ್ತು ಸಾವಿರ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಈಗ ನನ್ನ ಸರದಿ. ‘ನಾವೇನು ಬಲವಂತ ಮಾಡುತ್ತಿಲ್ಲ, ತಿಳಿಸಿ ಹೇಳುತ್ತಿದ್ದೇವೆ ಅಷ್ಟೆ’ ಎನ್ನುತ್ತಾನೆ ದೊಡ್ಡಣ್ಣ. ಸಹಿ ಹಾಕದಿದ್ದರೆ ತವರಿನ ಹೊಸಿಲು ತುಳಿಯಬೇಡ ಎಂದೂ ಹೇಳಿದ್ದಾನೆ. ಅಮ್ಮ ಅಳುತ್ತಾ, ‘ನೀನು ಕೋರ್ಟಿಗೆ ಹೋದರೆ ನಾನು ಬಾವಿಗೆ ಬೀಳುತ್ತೇನೆ’ ಎಂದರು. ಮುಂದಿನ ವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಲು ಹೇಳಿದ್ದಾರೆ. ಇದು ಒಪ್ಪಿಸುವುದೇ, ಬಲವಂತವೇ? ಈಗ ಸಹಿ ಹಾಕಿ ಆಮೇಲೆ ರದ್ದು ಮಾಡಿಸಬಹುದೇ?

ಉತ್ತರ: ಮೊದಲು ತುರ್ತಿನ ಮಾತು. ಮುಂದಿನ ವಾರ ಸಹಿ ಹಾಕಬೇಡಿ. ಎಂದೆಂದಿಗೂ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ, ಅದು ನಿಮ್ಮ ತೀರ್ಮಾನ. ಆದರೆ ಪತ್ರದ ಕರಡನ್ನೇ ನೋಡದೆ, ದಿನ ಗೊತ್ತುಮಾಡಿದ್ದಾರೆ ಎಂಬ ಒಂದೇ ಕಾರಣಕ್ಕೆ ಹೋಗಿ ಹೆಬ್ಬೆರಳು ಒತ್ತುವುದು ಬೇಡ. ನೀವು ಎರಡು ತಿಂಗಳು ತಡ ಮಾಡಿದರೆ ಅಣ್ಣಂದಿರ ಪಾಲು ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ನೀವು ಆತುರಪಟ್ಟರೆ ನಿಮ್ಮ ಪಾಲು ಪೂರ್ತಿ ಹೋಗುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಬಲವಂತ ಎಂದರೆ ಕೈ ಹಿಡಿದು ಎಳೆಯುವುದು, ಬೈಯುವುದು, ಹೊಡೆಯುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಾಗಿ ಮೆತ್ತಗೆ ಮಾತನಾಡಿದವರೆಲ್ಲ ತಾವು ಒಪ್ಪಿಸುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ನಿಮ್ಮ ದೊಡ್ಡಣ್ಣನೂ ಹಾಗೆಯೇ ನಂಬಿರಬಹುದು. ದನಿ ಏರಿತೇ ಇಲ್ಲವೇ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ನೀವು ಬೇಡ ಎಂದರೆ ಏನಾಗುತ್ತದೆ, ಅದನ್ನು ಆಗಿಸುವವರು ಯಾರು ಎಂದು ಕೇಳಿಕೊಳ್ಳಿ.

‘ನಾಲ್ಕು ಎಕರೆಯನ್ನು ನಾಲ್ಕು ಭಾಗ ಮಾಡಿದರೆ ಬೇಸಾಯ ಗಿಟ್ಟುವುದಿಲ್ಲ, ಬೋರ್‌ವೆಲ್ ಯಾರ ಪಾಲಿಗೂ ಸರಿಯಾಗಿ ಸಿಗುವುದಿಲ್ಲ’ ಎಂದು ಅಣ್ಣ ಹೇಳಿದರೆ ಅದು ವಾದ. ಅದು ನಿಜವಾಗಿದ್ದರೆ ಅಣ್ಣ ಹೇಳದಿದ್ದರೂ ನಿಜವೇ, ಆ ಪರಿಣಾಮ ಅವನು ತಂದೊಡ್ಡಿದ್ದಲ್ಲ. ನೀವು ಅದನ್ನು ಪರೀಕ್ಷಿಸಬಹುದು, ಒಪ್ಪಬಹುದು, ಬೇರೆ ದಾರಿ ಸೂಚಿಸಬಹುದು. ‘ಅಪ್ಪನ ಆಸ್ಪತ್ರೆ ಖರ್ಚಿಗೆ ಸಾಲ ಮಾಡಿದವನು ನಾನು, ನಿನ್ನ ಮದುವೆಯ ಸಾಲ ತೀರಿಸಿದವನು ನಾನು’ ಎಂದರೆ ಅದೂ ವಾದವೇ, ಕೇಳಲು ಕಷ್ಟವಾದರೂ. ‘ಸಹಿ ಹಾಕದಿದ್ದರೆ ಹೊಸಿಲು ತುಳಿಯಬೇಡ’ ಎಂಬುದು ಬೇರೆ ಜಾತಿಯ ಮಾತು. ಅದರಲ್ಲಿ ಜಮೀನಿನ ಬಗ್ಗೆ ಒಂದಕ್ಷರವೂ ಇಲ್ಲ. ನಿಮ್ಮ ಉತ್ತರಕ್ಕೆ ಅವನೇ ಒಂದು ದಂಡ ಕಟ್ಟಿದ್ದಾನೆ, ಬೇಕೆಂದಾಗ ಅವನೇ ಅದನ್ನು ತೆಗೆಯಬಲ್ಲ. ನನ್ನ ಮಟ್ಟಿಗೆ ಗೆರೆ ಇಲ್ಲಿದೆ: ಕಾರಣ ಕೊಟ್ಟು ನಿಮ್ಮ ತೀರ್ಮಾನ ಬದಲಿಸಲು ನೋಡುವವರು ಒಪ್ಪಿಸುತ್ತಿದ್ದಾರೆ, ನಿರಾಕರಣೆಗೆ ಬೆಲೆ ಹೇರಿ ಬದಲಿಸಲು ನೋಡುವವರು ಬಲವಂತ ಮಾಡುತ್ತಿದ್ದಾರೆ.

ಇದರ ಪಕ್ಕದಲ್ಲೇ ಇನ್ನೊಂದಿದೆ, ಅಕ್ಕನ ವಿಷಯದಲ್ಲಿ ನಡೆದದ್ದು: ಸುಳ್ಳು ಹೇಳಿ ಒಪ್ಪಿಸುವುದು. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟ ರಾಜ್ಯದ ತಿದ್ದುಪಡಿ ಇತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಹಳ್ಳಿಗಳಲ್ಲಿ ‘ತೊಂಬತ್ತನಾಲ್ಕಕ್ಕೆ ಮುಂಚೆ ಮದುವೆಯಾದವರಿಗೆ ಪಾಲಿಲ್ಲ’ ಎಂಬ ಮಾತು ಇಂದಿಗೂ ಓಡಾಡುವುದು ಅದರಿಂದಲೇ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಷರತ್ತು ಇಲ್ಲ. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗವೋ ಮಾರಾಟವೋ ಆಗಿ ಮುಗಿದಿದ್ದರೆ ಮಾತ್ರ ಬೇರೆ ಲೆಕ್ಕ. ನಿಮ್ಮಲ್ಲಿ ಹಾಗಾಗಿಲ್ಲ. ಆದ್ದರಿಂದ ಅಜ್ಜನ ಮೂರು ಎಕರೆಯಲ್ಲಿ ನಿಮಗೂ ಅಕ್ಕನಿಗೂ ಅಣ್ಣಂದಿರಷ್ಟೇ ಹಕ್ಕಿತ್ತು. ತಂದೆ ಸ್ವಂತ ದುಡಿಮೆಯಿಂದ ಕೊಂಡ ಎಕರೆ ಉಯಿಲಿಲ್ಲದ ಕಾರಣ ನಿಮ್ಮ ತಾಯಿಗೂ ನಾಲ್ವರು ಮಕ್ಕಳಿಗೂ ಸಮಪಾಲು.

ಹಕ್ಕೇ ಇಲ್ಲದವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವವರು ಯಾರೂ ಇಲ್ಲ. ಅಕ್ಕನ ಬಳಿ ಪತ್ರ ಕೇಳಿದ್ದೇ ಅವರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಸಾಕು.

ಕಾನೂನು ಇದನ್ನೆಲ್ಲ ಹೇಗೆ ನೋಡುತ್ತದೆ? 1872ರ ಭಾರತೀಯ ಕರಾರು ಕಾಯಿದೆ ಬರಿಯ ಒಪ್ಪಿಗೆಗೆ ತೃಪ್ತಿಪಡುವುದಿಲ್ಲ, ಮುಕ್ತ ಒಪ್ಪಿಗೆ ಕೇಳುತ್ತದೆ. 14ನೇ ಕಲಮಿನ ಪ್ರಕಾರ ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ಗ್ರಹಿಕೆ ಇವುಗಳಿಂದ ಬಂದ ಒಪ್ಪಿಗೆ ಮುಕ್ತವಲ್ಲ. ಇವುಗಳಲ್ಲಿ ಮೊದಲ ಎರಡು ನಿಮಗೆ ಮುಖ್ಯ.

ಬಲಾತ್ಕಾರದ ವ್ಯಾಖ್ಯೆ 15ನೇ ಕಲಮಿನಲ್ಲಿದೆ, ಮತ್ತು ಅದು ನಾವು ನಿತ್ಯ ಆಡುವ ಅರ್ಥಕ್ಕಿಂತ ಬಹಳ ಕಿರಿದು. ದಂಡ ಸಂಹಿತೆ ನಿಷೇಧಿಸಿದ ಕೃತ್ಯವನ್ನು ಮಾಡಿರಬೇಕು ಅಥವಾ ಮಾಡುವುದಾಗಿ ಬೆದರಿಸಿರಬೇಕು, ಇಲ್ಲವೇ ಆಸ್ತಿಯನ್ನು ಅಕ್ರಮವಾಗಿ ಹಿಡಿದಿಟ್ಟುಕೊಂಡಿರಬೇಕು ಅಥವಾ ಹಿಡಿದಿಡುವುದಾಗಿ ಬೆದರಿಸಿರಬೇಕು. ‘ಕೈಕಾಲು ಮುರಿಯುತ್ತೇನೆ’ ಎಂದರೆ ಬಲಾತ್ಕಾರ. ಸುಳ್ಳು ಪೊಲೀಸ್ ದೂರು ಕೊಡುತ್ತೇನೆ ಎಂದರೂ ಹೌದು. ‘ಸಿವಿಲ್ ದಾವೆ ಹಾಕುತ್ತೇನೆ’ ಎಂದರೆ ಅಲ್ಲ, ಅದು ಎಲ್ಲರಿಗೂ ಇರುವ ಹಕ್ಕು. ‘ಮನೆಗೆ ಬರಬೇಡ, ಬಾಗಿನ ಕಳಿಸುವುದಿಲ್ಲ’ ಎಂಬುದು ದಂಡ ಸಂಹಿತೆಯ ಯಾವ ಕಲಮಿಗೂ ಸಿಗುವುದಿಲ್ಲ. ನೋವು ಎಷ್ಟೇ ದೊಡ್ಡದಿರಲಿ, ಅಷ್ಟರಿಂದಲೇ ನ್ಯಾಯಾಲಯ ಪತ್ರ ರದ್ದು ಮಾಡುತ್ತದೆ ಎಂದು ನಾನು ನಿಮಗೆ ಭರವಸೆ ಕೊಡಲಾರೆ.

ತಾಯಿಯ ಮಾತು ಮಾತ್ರ ಬೇರೆ. ಇದೇ ಬಗೆಯ ಪ್ರಶ್ನೆ ನೂರು ವರ್ಷಕ್ಕೂ ಹಿಂದೆ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಿತ್ತು. 1917ರ ಅಮಿರಾಜು–ಶೇಷಮ್ಮ ಪ್ರಕರಣವದು. ಆತ್ಮಹತ್ಯೆ ಮಾಡಿಕೊಳ್ಳುವುದಾಗಿ ಹೆದರಿಸಿ ಒಬ್ಬಾತ ಹೆಂಡತಿಯಿಂದಲೂ ಮಗನಿಂದಲೂ ತನ್ನ ಸಹೋದರನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆಸಿದ್ದ. ನೋಡಿ, ಅಂದೂ ಇದೇ ಪತ್ರ, ಇದೇ ಬೆದರಿಕೆ. ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇದು ಬಲಾತ್ಕಾರವೇ ಎಂದರು. ಸತ್ತವನನ್ನು ಶಿಕ್ಷಿಸಲಾಗದು ಎಂದ ಮಾತ್ರಕ್ಕೆ ಕೃತ್ಯ ನಿಷಿದ್ಧವಲ್ಲ ಎನ್ನಲಾಗದು ಎಂಬುದು ಅವರ ತರ್ಕ. ಮೂರನೆಯವರು ಕಲಮನ್ನು ಅಕ್ಷರಶಃ ಓದಬೇಕೆಂದು ಭಿನ್ನಮತ ಬರೆದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸರ್ಕಾರಿ ನೌಕರನನ್ನು ಮಣಿಸಲು ಮಾಡುವ ಆತ್ಮಹತ್ಯಾ ಯತ್ನವನ್ನು ಬಿಟ್ಟರೆ, ಆತ್ಮಹತ್ಯಾ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಉಳಿದಿಲ್ಲ. ಹಾಗಾಗಿ ಎದುರು ಪಕ್ಷದ ವಕೀಲರು ಆ ಭಿನ್ನಮತವನ್ನೇ ಹಿಡಿದು ವಾದಿಸಲು ಈಗ ಎಡೆಯಿದೆ. ನಿಮ್ಮ ವಕೀಲರು ಈ ಒಂದೇ ಆಧಾರದ ಮೇಲೆ ನಿಲ್ಲಬಾರದು.

ನಿಲ್ಲಲು ಇನ್ನೂ ಗಟ್ಟಿಯಾದ ನೆಲ 16ನೇ ಕಲಮು, ಅನುಚಿತ ಪ್ರಭಾವ. ಒಬ್ಬರ ಇಚ್ಛೆಯ ಮೇಲೆ ಇನ್ನೊಬ್ಬರಿಗೆ ಹಿಡಿತ ಇರಬೇಕು, ಆ ಹಿಡಿತವನ್ನು ಬಳಸಿ ಅನ್ಯಾಯದ ಲಾಭ ಪಡೆದಿರಬೇಕು. ಎರಡೂ ಬೇಕು. ಅಧಿಕಾರದ ಸ್ಥಾನ, ನಂಬಿಕೆಯ ಸಂಬಂಧ, ವಯಸ್ಸು ಕಾಯಿಲೆ ಸಂಕಟಗಳಿಂದ ಕುಂದಿದ ಮನಸ್ಸು ಇವೆಲ್ಲ ಹಿಡಿತದ ಕುರುಹುಗಳು ಎಂದು ಕಲಮು ಹೇಳುತ್ತದೆ. ಹಿಡಿತ ಸಾಬೀತಾಗಿ, ವ್ಯವಹಾರವೂ ಮೇಲ್ನೋಟಕ್ಕೇ ಅನ್ಯಾಯ ಎಂದು ಕಂಡರೆ, ಪ್ರಭಾವ ಬೀರಿಲ್ಲ ಎಂದು ತೋರಿಸುವ ಹೊಣೆ ಲಾಭ ಪಡೆದವನ ಮೇಲೆ ಬೀಳುತ್ತದೆ. ಲಕ್ಷಾಂತರ ಬೆಲೆಯ ಪಾಲಿಗೆ ಐವತ್ತು ಸಾವಿರದ ಅರಿಶಿನ ಕುಂಕುಮ ಕೊಟ್ಟದ್ದು ಇಲ್ಲಿ ತೂಕ ಪಡೆಯುತ್ತದೆ. ಪ್ರತಿಫಲ ಕಡಿಮೆ ಎಂಬ ಕಾರಣಕ್ಕೇ ಕರಾರು ಬಿದ್ದುಹೋಗುವುದಿಲ್ಲ, ಆದರೆ ಒಪ್ಪಿಗೆ ಮುಕ್ತವಾಗಿತ್ತೇ ಎಂದು ಅಳೆಯುವಾಗ ಅದನ್ನು ಪರಿಗಣಿಸಬಹುದು ಎಂದು 25ನೇ ಕಲಮಿನ ವಿವರಣೆಯಲ್ಲಿದೆ.

ಆದರೆ ಹತ್ತಿರದ ನೆಂಟಸ್ತಿಕೆ ಇದೆ ಎಂದ ಮಾತ್ರಕ್ಕೆ ಹಿಡಿತ ಇತ್ತು ಎಂದು ನ್ಯಾಯಾಲಯ ಊಹಿಸುವುದಿಲ್ಲ. ಅಜ್ಜ ಮೊಮ್ಮಗನಿಗೆ ಬರೆದ ದಾನಪತ್ರದ ಬಗ್ಗೆ 1967ರಲ್ಲಿ ಸುಭಾಷ್ ಚಂದ್ರ ದಾಸ್ ಮುಶಿಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಣ್ಣ ತಂಗಿಯ ನಡುವೆ ಪ್ರೀತಿ, ಗೌರವ, ಸಲುಗೆ ಇರುವುದು ಸಹಜ. ಅದನ್ನೇ ಅಪರಾಧ ಎನ್ನಲು ಬರುವುದಿಲ್ಲ. ಇದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಮನಃಪೂರ್ವಕವಾಗಿ ಕೊಟ್ಟ ತಂಗಿಯ ದಾನಕ್ಕೂ ಬೆಲೆ ಇರುವುದಿಲ್ಲ.

ಈಗ ‘ಮೊದಲು ಸಹಿ, ಆಮೇಲೆ ರದ್ದು’ ಎಂಬ ನಿಮ್ಮ ಎರಡನೇ ಪ್ರಶ್ನೆ. ದಯವಿಟ್ಟು ಆ ಯೋಚನೆ ಬಿಡಿ. ಪತ್ರಬರಹಗಾರರು ಬರೆಯುವ ಯಾವುದೇ ಹಕ್ಕು ಬಿಡುಗಡೆ ಪತ್ರವನ್ನು ತೆಗೆದು ನೋಡಿ: ‘ಯಾರ ಒತ್ತಾಯ, ಬಲವಂತ, ಪ್ರಚೋದನೆ ಇಲ್ಲದೆ ನನ್ನ ಸ್ವಇಚ್ಛೆಯಿಂದ, ಸ್ವಸ್ಥ ಮನಸ್ಸಿನಿಂದ ಬರೆದುಕೊಟ್ಟ ಪತ್ರ’ ಎಂಬಂಥ ಸಾಲು ಇದ್ದೇ ಇರುತ್ತದೆ. ನೀವು ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ನಿಮ್ಮ ಸ್ವಇಚ್ಛೆ ಅಚ್ಚಾಗಿರುತ್ತದೆ. ಉಪನೋಂದಣಾಧಿಕಾರಿ ಕೇಳುವುದು ಈ ಪತ್ರ ಬರೆದುಕೊಟ್ಟವರು ನೀವೇ ತಾನೇ ಎಂದು. ಮನೆಯಲ್ಲಿ ಹಿಂದಿನ ರಾತ್ರಿ ಏನು ನಡೆಯಿತು ಎಂದು ಅವರು ಕೇಳುವುದಿಲ್ಲ. ಫೋಟೋ, ಬೆರಳಚ್ಚು, ಇಬ್ಬರು ಸಾಕ್ಷಿಗಳು, ಮುಗಿಯಿತು. ಆಮೇಲೆ ಆ ಸಾಲು ಸುಳ್ಳು ಎಂದು ತೋರಿಸುವ ಭಾರ ನಿಮ್ಮ ಹೆಗಲಿಗೆ.

ಆ ಭಾರ ಸಣ್ಣದಲ್ಲ. ಬಲವಂತವಾಯಿತು ಎಂದು ಸುಮ್ಮನೆ ಬರೆದರೆ ದಾವೆ ನಿಲ್ಲುವುದಿಲ್ಲ. ಯಾರು, ಯಾವಾಗ, ಏನು ಹೇಳಿದರು ಎಂಬ ವಿವರವನ್ನು ದಾವೆಯಲ್ಲೇ ಕೊಡಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ಹೇಳುತ್ತದೆ. ಇಂಥ ಪತ್ರ ತಾನಾಗಿಯೇ ಅಸಿಂಧುವಾಗುವುದಿಲ್ಲ. ನೀವು ಹೋಗಿ ರದ್ದು ಮಾಡಿಸುವವರೆಗೆ ಅದು ಚಾಲ್ತಿಯಲ್ಲೇ ಇರುತ್ತದೆ. ಅಷ್ಟರಲ್ಲಿ ಪಹಣಿ ಬದಲಾಗುತ್ತದೆ, ಬ್ಯಾಂಕಿಗೆ ಅಡಮಾನವಾಗಬಹುದು, ಏನೂ ಅರಿಯದ ಮೂರನೆಯವರು ಕೊಳ್ಳಬಹುದು.

ಅಕ್ಕನ ವಿಷಯ ಇದಕ್ಕೇ ತುರ್ತಿನದು. ಪತ್ರ ರದ್ದತಿಯ ದಾವೆಗೆ ಕಾಲಮಿತಿ ಕಾಯಿದೆಯ 59ನೇ ಅನುಚ್ಛೇದ ಕೊಡುವುದು ಮೂರು ವರ್ಷ, ರದ್ದತಿಗೆ ಕಾರಣವಾದ ಸಂಗತಿ ತಿಳಿದ ದಿನದಿಂದ. ಒತ್ತಡ ಹಾಕಿದ್ದು ಅವರಿಗೆ ಸಹಿಯ ದಿನವೇ ಗೊತ್ತಿತ್ತು, ಆದ್ದರಿಂದ ಸಹಿಯ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಎರಡು ವರ್ಷ ಕಳೆದಿದೆ. ಹಕ್ಕಿಲ್ಲ ಎಂದು ಸುಳ್ಳು ಹೇಳಿದ್ದನ್ನೂ, ಪತ್ರವನ್ನು ಓದಿ ಹೇಳಿದರೇ ಇಲ್ಲವೇ ಎಂಬುದನ್ನೂ ಅವರು ವಕೀಲರಿಗೆ ಬಿಡಿಸಿ ಹೇಳಲಿ. ಎರಡನೆಯದು ಅವರಿಗೆ ಸಣ್ಣದೆನಿಸಬಹುದು, ಅಲ್ಲ. ಗಂಡನೊಬ್ಬ ಹೆಂಡತಿಯಿಂದ ಬರೆಸಿಕೊಂಡ ದಾನಪತ್ರದ ನಿಂಗವ್ವ ಪ್ರಕರಣದಲ್ಲಿ 1968ರಲ್ಲಿ ಸುಪ್ರೀಂ ಕೋರ್ಟ್ ಎರಡು ಬಗೆಯ ಮೋಸವನ್ನು ಬೇರ್ಪಡಿಸಿತು. ಇದು ಎಂಥ ಪತ್ರ ಎಂಬುದರಲ್ಲೇ ಮೋಸವಾಗಿದ್ದರೆ ಪತ್ರ ಮೊದಲಿನಿಂದಲೇ ಶೂನ್ಯ. ಪತ್ರ ಯಾವುದೆಂದು ಗೊತ್ತಿದ್ದು ಒಳಗಿನ ವಿವರದಲ್ಲಿ ಮೋಸವಾಗಿದ್ದರೆ ಅದನ್ನು ರದ್ದು ಮಾಡಿಸಿಕೊಳ್ಳಬೇಕು. ಪಡೆದ ಐವತ್ತು ಸಾವಿರವನ್ನು ಹಿಂದಿರುಗಿಸಲು ಅಕ್ಕ ಸಿದ್ಧರಿರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ತವರಿನ ಹೊಸಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಅಲ್ಲೇ ಕಂಡಿತು. 2005ರವರೆಗೆ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ 23ನೇ ಕಲಮು ಎಂದು ಒಂದಿತ್ತು. ಗಂಡು ವಾರಸುದಾರರು ಪಾಲು ಮಾಡಿಕೊಳ್ಳಲು ಮನಸ್ಸು ಮಾಡುವವರೆಗೆ, ಕುಟುಂಬ ವಾಸಿಸುವ ಮನೆಯಲ್ಲಿ ಹೆಣ್ಣುಮಕ್ಕಳು ವಿಭಾಗ ಕೇಳುವಂತಿರಲಿಲ್ಲ. 2005ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಂದರೆ ನಿಮ್ಮಣ್ಣ ಯಾವ ಹೊಸಿಲನ್ನು ತುಳಿಯಬೇಡ ಎನ್ನುತ್ತಿದ್ದಾನೋ ಆ ಹೊಸಿಲಿನಲ್ಲಿ ನಿಮಗೂ ಪಾಲಿದೆ. ನಿಮ್ಮದೇ ಆದದ್ದನ್ನು ನಿಮಗೆ ಉಳಿಸಿಕೊಡುತ್ತೇನೆ ಎಂದು ಹೇಳಿ, ಅದಕ್ಕೆ ಬದಲಾಗಿ ನಿಮ್ಮದೇ ಆದ ಇನ್ನೊಂದನ್ನು ಕೇಳುತ್ತಿದ್ದಾನೆ. ತಾಯಿಯನ್ನು ನೋಡುವುದು, ಗೌರಿ ಹಬ್ಬಕ್ಕೆ ಹೋಗಿ ಬರುವುದು, ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗುವುದು ಇವು ಯಾವೊಬ್ಬ ಅಣ್ಣನ ಜೇಬಿನಿಂದ ಬರುವ ಉಡುಗೊರೆಗಳಲ್ಲ.

ಇದನ್ನು ಕಾನೂನು ಬಲಾತ್ಕಾರ ಎನ್ನದಿದ್ದರೂ ನಾನು ಬಲವಂತ ಎಂದೇ ಕರೆಯುತ್ತೇನೆ. ಕಾನೂನಿನ ಬಲೆಗೆ ಸಿಕ್ಕದ ಬಲವಂತ ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ, ಮತ್ತು ಹೆಣ್ಣುಮಕ್ಕಳು ಸಹಿ ಹಾಕುವುದು ಬಹುಪಾಲು ಅದಕ್ಕೆ ಮಣಿದೇ.

ತಾಯಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರು ಊಟ ಮಾಡುವುದು, ಔಷಧಿ ತೆಗೆದುಕೊಳ್ಳುವುದು ಅಣ್ಣಂದಿರ ಮನೆಯಲ್ಲಿ. ಅವರ ಬಾಯಲ್ಲಿ ಬಂದ ಮಾತಿನಲ್ಲಿ ಅವರದೆಷ್ಟು, ಅವರ ಮೇಲಿನ ಒತ್ತಡದ್ದೆಷ್ಟು ಎಂದು ಅವರಿಗೇ ಬಿಡಿಸಿ ಹೇಳಲು ಆಗದಿರಬಹುದು. ಬಾವಿಯ ಮಾತನ್ನು ಬರಿಯ ತಂತ್ರ ಎಂದು ತಳ್ಳಿಹಾಕಲೂ ಬಾರದು. ಹೋಗಿ ಅವರ ಜೊತೆ ಒಂದು ದಿನ ಇರಿ, ಜಮೀನಿನ ಮಾತು ಎತ್ತದೆ. ಅವರು ಮತ್ತೆ ಹಾಗೆ ಮಾತನಾಡಿದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಇನ್ನೊಂದು ವಿಷಯ ಅವರಿಗೆ ಬಹುಶಃ ಯಾರೂ ಹೇಳಿಲ್ಲ: ಗಂಡನ ಆಸ್ತಿಯಲ್ಲಿ ಅವರಿಗೂ ಸ್ವಂತ ಪಾಲಿದೆ. ಅದು ಅವರ ಹೆಸರಿನಲ್ಲೇ ಉಳಿಯುವುದು ಅವರ ಮುಪ್ಪಿಗೆ ಕ್ಷೇಮ.

ಅಣ್ಣಂದಿರು ಇದನ್ನು ಓದುವುದಾದರೆ ಅವರಿಗೂ ಹೇಳಬೇಕಾದ್ದಿದೆ. ತಂಗಿಯನ್ನು ಒಪ್ಪಿಸುವ ಹಕ್ಕು ನಿಮಗೆ ಪೂರ್ತಿ ಇದೆ. ಊರಿನಲ್ಲಿ ಉಳಿದು ಬೇಸಾಯ ಮಾಡಿದವರು ನೀವು, ತಂದೆಯ ಕೊನೆಗಾಲ ನೋಡಿಕೊಂಡವರು ನೀವು, ಇದಕ್ಕೆ ಬೆಲೆ ಕೇಳುವುದರಲ್ಲಿ ತಪ್ಪಿಲ್ಲ. ಹಾಗಾದರೆ ಲೆಕ್ಕ ತೆರೆದಿಡಿ: ಆಸ್ಪತ್ರೆಗೆ ಎಷ್ಟು, ಸೊಸೈಟಿ ಸಾಲ ಎಷ್ಟು, ಬೋರ್‌ವೆಲ್ಲಿಗೆ ಎಷ್ಟು. ಜಮೀನಿನ ಇಂದಿನ ಬೆಲೆ ನಿಜ ಹೇಳಿ. ಪಾಲಿನ ಬದಲು ಹಣ ಕೊಡುವುದಾದರೆ ಎಷ್ಟು, ಎಷ್ಟು ಕಂತಿನಲ್ಲಿ ಎಂದು ಹೇಳಿ. ಪತ್ರದ ಕರಡನ್ನು ಅವಳ ಕೈಗೆ ಕೊಟ್ಟು, ಅವಳೇ ಆರಿಸಿದ ವಕೀಲರಿಗೆ ತೋರಿಸಿಕೊಂಡು ಬರಲು ಬಿಡಿ. ಎಲ್ಲಕ್ಕಿಂತ ಮೊದಲು, ‘ನೀನು ಏನೇ ತೀರ್ಮಾನ ಮಾಡು, ಈ ವರ್ಷದ ಬಾಗಿನ ಬಂದೇ ಬರುತ್ತದೆ’ ಎಂದು ಹೇಳಿ. ಆ ಮಾತು ಹೇಳಿದ ಮೇಲೂ ಅವಳು ಬಿಟ್ಟುಕೊಟ್ಟರೆ ಆ ಪತ್ರವನ್ನು ಅಲುಗಾಡಿಸುವುದು ಸುಲಭವಲ್ಲ. ಕುಟುಂಬದ ಒಳಗಿನ ಇಂಥ ಒಪ್ಪಂದಗಳನ್ನು ನ್ಯಾಯಾಲಯಗಳು ಆದಷ್ಟೂ ಎತ್ತಿಹಿಡಿಯುತ್ತವೆ. 1976ರ ಕಾಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿದೆ, ಆದರೆ ಒಪ್ಪಂದ ಸ್ವಯಂಪ್ರೇರಿತವಾಗಿರಬೇಕು, ವಂಚನೆ, ಬಲಾತ್ಕಾರ, ಅನುಚಿತ ಪ್ರಭಾವದಿಂದ ಆಗಿರಬಾರದು ಎಂಬ ಷರತ್ತಿನೊಂದಿಗೆ. ನ್ಯಾಯವಾಗಿ ಒಪ್ಪಿಸುವುದರಲ್ಲಿ ನಿಮಗೂ ಲಾಭವಿದೆ.

ನೀವು ಮಾಡಬೇಕಾದ್ದು ಹೇಳಿ ಮುಗಿಸುತ್ತೇನೆ. ಅಣ್ಣನಿಗೆ ಇಂದೇ ಒಂದು ಸಂದೇಶ ಕಳಿಸಿ, ಜಗಳದ ಮಾತಿಲ್ಲದೆ: ‘ಕರಡು ಪತ್ರ ಕಳಿಸಣ್ಣ, ಓದಿ ಹೇಳುತ್ತೇನೆ, ಮುಂದಿನ ವಾರ ಬರಲಾಗುವುದಿಲ್ಲ.’ ಬಂದ ಉತ್ತರಗಳನ್ನು ಅಳಿಸಬೇಡಿ, ಹಿಂದಿನ ಸಂದೇಶಗಳನ್ನೂ ಉಳಿಸಿಕೊಳ್ಳಿ. ಫೋನಿನಲ್ಲಿ ಆಡಿದ ಮಾತುಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಪಹಣಿ, ಋಣಭಾರ ಪತ್ರ, ವಂಶವೃಕ್ಷ ತೆಗೆಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ಮೊದಲು ನೋಡಿ, ಆ ಹೆಸರುಗಳನ್ನು ಬಿಟ್ಟು ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲು ಅರ್ಜಿ ಹೋಗಿದ್ದರೆ ತಾಲ್ಲೂಕು ಕಚೇರಿಯಲ್ಲಿ ಲಿಖಿತ ತಕರಾರು ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಕರಡು ಬಂದಾಗ ‘ಮುಂದೆ ಬರಬಹುದಾದ ಎಲ್ಲ ಹಕ್ಕುಗಳನ್ನೂ ಬಿಟ್ಟಿದ್ದೇನೆ’ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ. ತಾಯಿಯ ಪಾಲು ಮುಂದೆ ನಿಮಗೆ ಬಂದೀತು ಎಂಬ ಬರಿಯ ನಿರೀಕ್ಷೆಯನ್ನು ಈಗಲೇ ವರ್ಗಾಯಿಸಲು ಆಸ್ತಿ ವರ್ಗಾವಣೆ ಕಾಯಿದೆಯ 6ನೇ ಕಲಮಿನಲ್ಲಿ ಅವಕಾಶವಿಲ್ಲ, ಆದರೂ ಆ ಸಾಲು ಉಳಿದರೆ ನಾಳೆ ಅದರಿಂದಲೇ ತಗಾದೆ ಹುಟ್ಟುತ್ತದೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ದಾವೆಗೆ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾತುಕತೆಗೆ ಕೂರಿಸುವ ವ್ಯವಸ್ಥೆಯೂ ಅವರಲ್ಲಿದೆ. ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋಗಿ, ಅವರು ಸಹಿ ಹಾಕಿದ ಪತ್ರದ ದೃಢೀಕೃತ ನಕಲು ಜೊತೆಗಿರಲಿ. ನಿಮಗೆ ಕಾಯಲು ಕಾಲವಿದೆ, ಅವರಿಗೆ ಉಳಿದಿರುವುದು ಒಂದೇ ವರ್ಷ.